ಊರ ಹೆಸರೇ ತಪ್ಪ್ಯಾದ

“ತಮ್ಮಾ, ಊರ ಹೆಸರೇ ತಪ್ಪ್ಯಾದಲ್ಲೋ. ನಿಂಬಗಾರ್ ಅಂತ ಬಂದದ. ಇದ್ಯಾವ ಊರು?”

ಫೋನ್ ಮಾಡಿದ್ದು ನಮ್ಮ ಓಣಿಯ ಅಣ್ಣ. ಒಡಹುಟ್ಟಿದವನಲ್ಲ, ನನಗಿಂತ ನಾಲ್ಕು ವರ್ಷ ದೊಡ್ಡವನು. ನಮ್ಮಿಬ್ಬರದೂ ಆಳಂದ ತಾಲೂಕಿನ ನಿಂಬರ್ಗಾ. ಅವನಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ನಮ್ಮ ಕಡೆ ಅಂಥ ಮಗು ಹುಟ್ಟಿದರೆ ಹಿರಿಯರ ಬಾಯಲ್ಲಿ ಮೊದಲು ಬರುತ್ತಿದ್ದ ಊರು ಗದಗ. ಅಲ್ಲಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳಿಗೂ ಕಣ್ಣು ಕಾಣುತ್ತಿರಲಿಲ್ಲ, ಅವರ ಶಿಷ್ಯ ಪುಟ್ಟರಾಜ ಗವಾಯಿಗಳಿಗೂ ಕಾಣುತ್ತಿರಲಿಲ್ಲ. ಸಾವಿರಾರು ಮಕ್ಕಳಿಗೆ ಸಂಗೀತ ಕಲಿಸಿ ಅನ್ನದ ದಾರಿ ತೋರಿಸಿದವರು ಅವರು. ನಮ್ಮ ಅಣ್ಣನನ್ನೂ ಎಂಟನೇ ವಯಸ್ಸಿಗೆ ಅಲ್ಲಿಗೇ ಬಿಟ್ಟು ಬಂದರು. ಹಾರ್ಮೋನಿಯಂ ಕಲಿತ, ಬ್ರೈಲ್ ಕಲಿತ, ಈಗ ಒಂದು ಶಾಲೆಯಲ್ಲಿ ಸಂಗೀತದ ಮಾಸ್ತರ.

ಅವನ ಅಪ್ಪ ತತ್ವಪದ ಹಾಡುತ್ತಿದ್ದರು. ಕಡಕೋಳ ಮಡಿವಾಳಪ್ಪನವರು ನಮ್ಮ ಪಕ್ಕದ ಜೇವರ್ಗಿ ಸೀಮೆಯವರು, ಅವರ ಪದಗಳಿಲ್ಲದೆ ನಮ್ಮ ಕಡೆ ಭಜನೆ ಮುಗಿಯುವುದೇ ಇಲ್ಲ. ಹಾಡಿಹಾಡಿ ಆ ಹಿರಿಯರು ತಾವೂ ಒಂದಷ್ಟು ಪದ ಕಟ್ಟಿದ್ದರು, 43. ಅವರಿಗೆ ಓದು ಬರಹ ಇರಲಿಲ್ಲ. ಊರ ಶಾಲೆಯ ಮಾಸ್ತರರೊಬ್ಬರು ಕೇಳಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಮುಂದೆ ಯಾರೋ ಅದನ್ನು ಕಲಬುರಗಿಯ ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದರು. ಪುಸ್ತಕ ಆಗಲಿಲ್ಲ, ಫೈಲ್ ಉಳಿಯಿತು. ಅಪ್ಪ ತೀರಿಕೊಂಡ ಮೇಲೆ ಅಣ್ಣ ಅದನ್ನು ನನಗೆ ಕಳಿಸಿದ. “ಇದನ್ನ ಬ್ರೈಲ್‌ನಾಗ ಮಾಡಿಕೊಡು. ನೀ ಸಾಫ್ಟ್‌ವೇರ್ ಅಲಾ?”

ನಾನು ಬೆಂಗಳೂರಿನಲ್ಲಿ ಕೂತ ಯಾವ ಇಂಜಿನಿಯರ್ ಆದರೂ ಹೇಳುವ ಮಾತನ್ನೇ ಹೇಳಿದೆ. “ಫೋನ್ ಓದಿ ಹೇಳ್ತದಲ್ಲ ಅಣ್ಣಾ, ಮತ್ಯಾಕ ಕಾಗದ?”

“ಹೇಳ್ತದ, ಖರೇ. ಆದ್ರ ಕೇಳೋದು ಬ್ಯಾರೆ, ಓದೋದು ಬ್ಯಾರೆ. ನಮ್ಮಪ್ಪಗ ಓದ್ಲಿಕ್ಕ ಬರ್ತಿದ್ದಿಲ್ಲ, ಕೇಳ್ಕೋತ ಹೋದ. ನಾ ಓದ್ಲಿಕ್ಕ ಕಲ್ತೀನಿ. ನಾನೂ ಕೇಳ್ಕೋತೇ ಕೂಡ್ಬೇಕೇನು?”

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಎರಡು ವಾರಾಂತ್ಯ ಕೂತು ಒಂದು ಸ್ಕ್ರಿಪ್ಟ್ ಬರೆದೆ. ಪರಿಚಯದವರ ಮೂಲಕ ಬ್ರೈಲ್ ಎಂಬಾಸರ್ ಇರುವ ಕಡೆ ಪ್ರಿಂಟ್ ತೆಗೆಸಿ ಕೊರಿಯರ್ ಮಾಡಿದೆ. ಆಮೇಲೆ ಬಂದದ್ದೇ ಮೇಲಿನ ಫೋನ್. ಪ್ರತಿ ಪದದ ಕೊನೆಯ ಅಂಕಿತದಲ್ಲಿ ಊರ ಹೆಸರಿದೆ. ಹಾಗಾಗಿ 43 ಪದಗಳಲ್ಲೂ ಊರು ತಪ್ಪು. ನಿಂಬರ್ಗಾ ಹೋಗಿ ನಿಂಬಗಾರ್.

ತಪ್ಪು ನನ್ನದೇ ಅಂತ ಗೊತ್ತಾಯಿತು. ಎಲ್ಲಿ ಅಂತ ಹುಡುಕಲು ಹೊರಟವನು ಸುಮಾರು 200 ವರ್ಷ ಹಿಂದಕ್ಕೆ ಹೋಗಬೇಕಾಯಿತು.

ಪ್ಯಾರಿಸ್ಸಿನ ಹತ್ತಿರದ ಕೂವ್ರೆ ಎಂಬ ಹಳ್ಳಿಯಲ್ಲಿ 1809ರಲ್ಲಿ ಲೂಯಿ ಬ್ರೈಲ್ ಹುಟ್ಟಿದ. ಅಪ್ಪ ಕುದುರೆಯ ಜೀನು ಹೊಲಿಯುವವನು. ಮೂರು ವರ್ಷದ ಹುಡುಗ ಅಪ್ಪನ ಅಂಗಡಿಯಲ್ಲಿ ಚರ್ಮ ಚುಚ್ಚುವ ಚೂಪು ಉಪಕರಣ ಹಿಡಿದು ಆಡುವಾಗ ಕಣ್ಣಿಗೆ ಚುಚ್ಚಿಕೊಂಡ. ಸೋಂಕು ಇನ್ನೊಂದು ಕಣ್ಣಿಗೂ ಹಬ್ಬಿ ಎರಡೂ ಹೋದವು. ಪ್ಯಾರಿಸ್ಸಿನ ಅಂಧರ ಶಾಲೆಯಲ್ಲಿ ಆಗ ಇದ್ದ ಪುಸ್ತಕಗಳು ನಮ್ಮ ನಿಮ್ಮ ಅಕ್ಷರಗಳನ್ನೇ ಉಬ್ಬಿಸಿ ಅಚ್ಚು ಹಾಕಿದಂಥವು. ಒಂದೊಂದು ಅಕ್ಷರವನ್ನೂ ಬೆರಳಿಂದ ಸುತ್ತಿ ಸುತ್ತಿ ಗುರುತಿಸಬೇಕು. ಬರೆಯುವುದಂತೂ ಆಗದ ಮಾತು. ಶಾರ್ಲ್ ಬಾರ್ಬಿಯೆ ಎಂಬುವನು 12 ಚುಕ್ಕೆಗಳ ಒಂದು ಬರಹ ತಂದು ತೋರಿಸಿದ್ದ. ಲೂಯಿ ಅದನ್ನು 6 ಚುಕ್ಕೆಗೆ ಇಳಿಸಿದ, ಒಂದು ಬೆರಳ ತುದಿಗೆ ಒಮ್ಮೆಲೇ ಸಿಗುವಷ್ಟು. 1829ರಲ್ಲಿ ಪುಸ್ತಕವಾಗಿ ಪ್ರಕಟಿಸಿದಾಗ ಅವನಿಗೆ 20 ವರ್ಷ.

ಎಡಗಡೆ ಮೇಲಿಂದ ಕೆಳಕ್ಕೆ 1, 2, 3. ಬಲಗಡೆ 4, 5, 6. ಇಷ್ಟೇ ಹಾರ್ಡ್‌ವೇರ್. 6 ಬಿಟ್, ಖಾಲಿ ಬಿಟ್ಟದ್ದೂ ಸೇರಿ 64 ಸಾಧ್ಯತೆ. ನೆನಪಿಡಬೇಕಾದ ವಿಷಯ ಒಂದೇ: ಬ್ರೈಲ್ ಮಾಡಿದ ದೊಡ್ಡ ಕೆಲಸ ಅಕ್ಷರದ ಆಕಾರವನ್ನು ಬಿಟ್ಟುಕೊಟ್ಟದ್ದು. ಕಣ್ಣಿಗಾಗಿ ಹುಟ್ಟಿದ ಗೆರೆ ಬೆರಳಿಗೆ ಬೇಕಾಗಿಲ್ಲ.

ಫ್ರೆಂಚಿಗೆ ಇದು ಸರಿ. ಬೇರೆ ಲಿಪಿಯವರು ಏನು ಮಾಡಬೇಕು? ಈ ಪ್ರಶ್ನೆಗೆ ಒಳ್ಳೆಯ ಉದಾಹರಣೆ ರಷ್ಯನ್. ನನಗೆ ಅದು ಸಿಕ್ಕಿದ್ದು ಕೆಲಸದ ನಡುವೆ. ಬ್ರೈಲ್‌ಗೆ ಪರಿವರ್ತಿಸುವ ತಂತ್ರಾಂಶಗಳು ಒಂದೊಂದು ಭಾಷೆಗೆ ಒಂದೊಂದು ಟೇಬಲ್ ಇಟ್ಟುಕೊಂಡಿರುತ್ತವೆ. ಇಂಗ್ಲಿಷಿನ ಟೇಬಲ್ ತೆರೆದರೆ ತಲೆ ತಿರುಗುತ್ತದೆ, ಅಷ್ಟು ಸಂಕ್ಷೇಪಗಳು. ರಷ್ಯನ್ ಹಾಗಲ್ಲ, ಒಂದು ಅಕ್ಷರಕ್ಕೆ ಒಂದು ಸೆಲ್. ಕಲಿಯುವವನಿಗೆ ಹೇಳಿ ಮಾಡಿಸಿದ ಹಾಗೆ.

ರಷ್ಯನ್ನರು ತಮ್ಮ ವರ್ಣಮಾಲೆಯ ಮೊದಲ ಅಕ್ಷರಕ್ಕೆ ಬ್ರೈಲಿನ ಮೊದಲ ಚುಕ್ಕೆ, ಎರಡನೆಯದಕ್ಕೆ ಎರಡನೆಯದು ಅಂತ ಸಾಲಾಗಿ ಹಂಚಬಹುದಿತ್ತು. ಹಂಚಲಿಲ್ಲ. ಧ್ವನಿ ಎಲ್ಲಿ ಹೊಂದುತ್ತದೋ ಅಲ್ಲಿ ಫ್ರೆಂಚಿನ ಚುಕ್ಕೆಯನ್ನೇ ಇಟ್ಟುಕೊಂಡರು. ಕ ಧ್ವನಿಗೆ ಅಲ್ಲೂ 1-3, ಇಲ್ಲೂ 1-3. ಲ್ಯಾಟಿನ್ನಿನಲ್ಲಿ ಇಲ್ಲದ ಧ್ವನಿಗಳಿಗೆ ಮಾತ್ರ ಉಳಿದ ಚುಕ್ಕೆಗಳು. 1885ರಲ್ಲಿ ಅನ್ನಾ ಆಡ್ಲರ್ ಎಂಬ ಮಹಿಳೆ ಮಕ್ಕಳಿಗಾಗಿ ಮೊದಲ ರಷ್ಯನ್ ಬ್ರೈಲ್ ಪುಸ್ತಕ ಅಚ್ಚು ಹಾಕಿಸಿದರು. ಅದಾಗಿ ಐದು ವರ್ಷಕ್ಕೆ ಹುಟ್ಟಿದ ವಸೀಲಿ ಯೆರೊಶೆಂಕೊ ಎಂಬ ರಷ್ಯನ್ ಲೇಖಕ, ನಾಲ್ಕನೇ ವಯಸ್ಸಿಗೆ ದಡಾರದಿಂದ ಕಣ್ಣು ಕಳೆದುಕೊಂಡವನು, ಎಸ್ಪೆರಾಂಟೊ ಭಾಷೆಯ ಬಲದ ಮೇಲೆ ಜಪಾನ್, ಬರ್ಮಾ, ಭಾರತ ಎಲ್ಲ ಸುತ್ತಿದ. ರಷ್ಯಾದಲ್ಲಿ ಕ್ರಾಂತಿ ಆದ ಮೇಲೆ ಬ್ರಿಟಿಷರಿಗೆ ಅವನ ಮೇಲೆ ಅನುಮಾನ ಬಂದು ಇಲ್ಲಿಂದ ಹೊರಗೆ ಹಾಕಿದರು. ಅದೇ ಮನುಷ್ಯ ಮುಂದೆ ತುರ್ಕ್‌ಮೆನ್ ಭಾಷೆಗೆ ಬ್ರೈಲ್ ಕಟ್ಟಿದ. ಆರು ಚುಕ್ಕೆ ಹೀಗೆ ಊರಿಂದೂರಿಗೆ ಹೋಗುತ್ತಿತ್ತು.

ಈಗ ನಮ್ಮ ದೇಶಕ್ಕೆ ಬರೋಣ. ಭಾರತದ ಮೊದಲ ಅಂಧರ ಶಾಲೆ 1887ರಲ್ಲಿ ಅಮೃತಸರದಲ್ಲಿ ಶುರುವಾಯಿತು. ಮೈಸೂರಿನಲ್ಲಿ ಕಿವುಡ ಮತ್ತು ಅಂಧ ಮಕ್ಕಳ ಶಾಲೆ ಬಂದದ್ದು 1901ರಲ್ಲಿ. ಶಾಲೆಗಳು ಬಂದವು, ಆದರೆ ಒಬ್ಬೊಬ್ಬರದು ಒಂದೊಂದು ಚುಕ್ಕೆ. ಮಿಷನರಿಗಳು ಒಂದು ಮಾಡಿದರು, ಅಹಮದಾಬಾದಿನವರು ಒಂದು, ಬಂಗಾಳದವರು ಒಂದು. ಮೈಸೂರಿನ ಹೆಸರಲ್ಲೂ ಕನ್ನಡಕ್ಕೆ ಒಂದು ಬೇರೆ ಪದ್ಧತಿ ಇತ್ತು. ಪೂರ್ವದ ಭಾಷೆಗಳಿಗೆ ಲ್ಯಾಟಿನ್ನಿನ ಹಂಗೇ ಬೇಡ ಅಂತ ‘ಓರಿಯಂಟಲ್ ಬ್ರೈಲ್’ ಮಾಡಿದವರೂ ಇದ್ದರು. ಒಂದು ಶಾಲೆಯಲ್ಲಿ ಕಲಿತ ಹುಡುಗ ಇನ್ನೊಂದು ಶಾಲೆಯ ಪುಸ್ತಕ ಮುಟ್ಟಿದರೆ ಗೊತ್ತಾಗುತ್ತಿರಲಿಲ್ಲ. ಪುಸ್ತಕವೇ ಕಮ್ಮಿ, ಅದರಲ್ಲೂ ಈ ಪಾಲು.

1940ರ ದಶಕದಲ್ಲಿ ಇದನ್ನು ಒಂದು ಮಾಡುವ ಪ್ರಯತ್ನ ಶುರುವಾಯಿತು. ಸ್ವಾತಂತ್ರ್ಯ ಬಂದ ಮೇಲೆ, 1949ರಲ್ಲಿ, ಭಾರತ ಸರ್ಕಾರ ಯುನೆಸ್ಕೊಗೆ ಬರೆದು ಈ ಗೊಂದಲ ಬಿಡಿಸಿಕೊಡಿ ಅಂತ ಕೇಳಿತು. ಕೆಲಸ ವಹಿಸಿಕೊಂಡವರು ಸರ್ ಕ್ಲೂತಾ ಮೆಕೆಂಜಿ. ನ್ಯೂಜಿಲೆಂಡಿನ ಸೈನಿಕ, 1915ರಲ್ಲಿ ಗಲ್ಲಿಪೊಲಿಯ ಯುದ್ಧದಲ್ಲಿ ಎರಡೂ ಕಣ್ಣು ಕಳೆದುಕೊಂಡವರು. ಎರಡನೇ ಮಹಾಯುದ್ಧದ ಕಾಲಕ್ಕೆ ಡೆಹರಾಡೂನಿನಲ್ಲಿ, ಯುದ್ಧದಲ್ಲಿ ದೃಷ್ಟಿ ಕಳೆದುಕೊಂಡ ಭಾರತೀಯ ಸೈನಿಕರಿಗೆ ತರಬೇತಿ ಕೊಡುತ್ತಿದ್ದ ಕೇಂದ್ರ ನಡೆಸಿದ್ದರು. ನಮ್ಮ ಚುಕ್ಕೆಗಳ ಗದ್ದಲ ಅವರಿಗೆ ಕೈಯಾರೆ ಗೊತ್ತಿತ್ತು. 1950ರಲ್ಲಿ ಪ್ಯಾರಿಸ್, 1951ರಲ್ಲಿ ಬೈರೂತ್, ಎರಡೂ ಕಡೆ ಸಭೆ ನಡೆದವು. 1951ರಲ್ಲಿ ಭಾರತ ‘ಭಾರತಿ ಬ್ರೈಲ್’ ಒಪ್ಪಿಕೊಂಡಿತು. ಸೂತ್ರ ಒಂದೇ: ಎಲ್ಲ ಭಾರತೀಯ ಭಾಷೆಗಳಲ್ಲಿ ಒಂದೇ ಧ್ವನಿಗೆ ಒಂದೇ ಚುಕ್ಕೆ, ಸಾಧ್ಯವಾದಷ್ಟೂ ಜಗತ್ತಿನ ಉಳಿದವರ ಚುಕ್ಕೆಗೆ ಹೊಂದುವಂತೆ. ರಷ್ಯನ್ನರು ಹಿಡಿದ ದಾರಿಯೇ ಇದು.

ಎಷ್ಟು ಹೊಂದಿತು ನೋಡಿ. ರಷ್ಯನ್ನಿನಲ್ಲಿ ‘ಮಾಸ್ಕ್ವಾ’ ಅಂತ ಬರೆಯಲು ಆರು ಸೆಲ್. ಆ ಆರನ್ನೂ ನಮ್ಮ ಅಣ್ಣನ ಬೆರಳ ಕೆಳಗಿಟ್ಟರೆ ಅವನು ಮ, ಓ, ಸ, ಕ, ಠ, ಅ ಅಂತ ಓದುತ್ತಾನೆ. ಐದು ಸರಿ! ತಪ್ಪಿದ್ದು ‘ವ’ ಒಂದೇ, ಅವರ 2-4-5-6 ನಮಗೆ ಠ. ಓದಿ ತೋರಿಸಿದಾಗ “ಮೋಸ ಅಂತೂ ಸರಿ ಓದೀನಿ” ಅಂತ ನಕ್ಕ.

ಇಲ್ಲಿ ನನಗೆ ಬಹಳ ಹಿಡಿಸಿದ ಸಂಗತಿ ಒಂದಿದೆ. 1951ರಲ್ಲಿ ಕರ್ನಾಟಕ ಅನ್ನುವ ರಾಜ್ಯವೇ ಇರಲಿಲ್ಲ. ಕನ್ನಡಿಗರು ಮೈಸೂರು, ಮುಂಬಯಿ, ಮದ್ರಾಸು, ಹೈದರಾಬಾದು, ಕೊಡಗು ಅಂತ ಹರಿದು ಹಂಚಿಹೋಗಿದ್ದರು. ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಎಲ್ಲ ಹೈದರಾಬಾದು ರಾಜ್ಯದಲ್ಲಿ. ನಿಜಾಮರ ಆಡಳಿತ ಮುಗಿದು ಮೂರು ವರ್ಷ ಆಗಿತ್ತು ಅಷ್ಟೇ. ಉರ್ದು ಶಾಲೆಯಲ್ಲಿ ಕಲಿತು, ಮನೆಯಲ್ಲಿ ಕನ್ನಡ ಮಾತಾಡಿ, ಸಂತೆಯಲ್ಲಿ ಮರಾಠಿ ಆಡುವ ಸೀಮೆ ನಮ್ಮದು. ಏಕೀಕರಣ ಆದದ್ದು 1956ರ ನವೆಂಬರ್ 1ಕ್ಕೆ. ಅಂದರೆ ಭೂಪಟದಲ್ಲಿ ಕನ್ನಡ ಒಂದಾಗುವ ಐದು ವರ್ಷ ಮೊದಲೇ ಚುಕ್ಕೆಗಳಲ್ಲಿ ಒಂದಾಗಿತ್ತು. ಮೈಸೂರಿನ ‘ಕ’ ಮತ್ತು ಕಲಬುರಗಿಯ ‘ಕ’ ಎರಡೂ 1-3. ಅಷ್ಟೇ ಅಲ್ಲ, ಮರಾಠಿಯ ‘ಕ’, ತೆಲುಗಿನ ‘ಕ’, ಬಲದಿಂದ ಎಡಕ್ಕೆ ಓಡುವ ಉರ್ದುವಿನ ‘ಕ’ ಕೂಡ 1-3. ಬ್ರೈಲ್‌ನಲ್ಲಿ ನಮ್ಮ ದೇಶದ ಉರ್ದುವನ್ನೂ ಎಡದಿಂದ ಬಲಕ್ಕೇ ಓದುತ್ತಾರೆ. ಗಡಿ ಎಳೆಯುವವರು ಜಗಳ ಆಡುತ್ತಿದ್ದಾಗ, ಬೆರಳಲ್ಲಿ ಓದುವವರಿಗೆ ಅಕ್ಷರದ ಗಡಿ ಹೋಗಿಬಿಟ್ಟಿತ್ತು.

ಸಾಫ್ಟ್‌ವೇರ್ ಮಂದಿಗೆ ಇದು ಎಲ್ಲೋ ಕೇಳಿದ ಕಥೆ ಅನಿಸಬೇಕು. ಕಂಪ್ಯೂಟರಿನಲ್ಲಿ ಭಾರತೀಯ ಲಿಪಿಗಳಿಗೆ ‘ಇಸ್ಕಿ’ ಎಂಬ ಮಾನಕ ಬಂದದ್ದು 1988ರಲ್ಲಿ, ಪರಿಷ್ಕೃತ ರೂಪ 1991ರಲ್ಲಿ. ಅಲ್ಲೂ ಅದೇ ವಿಚಾರ: ಲಿಪಿ ಯಾವುದೇ ಇರಲಿ, ‘ಕ’ಕ್ಕೆ ಒಂದೇ ಸ್ಥಾನ. ಯುನಿಕೋಡ್ ಅದನ್ನೇ ತಳಪಾಯ ಮಾಡಿಕೊಂಡಿತು. ಅದಕ್ಕೇ ಇವತ್ತಿಗೂ ದೇವನಾಗರಿ ಮತ್ತು ಕನ್ನಡದ ಕೋಷ್ಟಕಗಳನ್ನು ಪಕ್ಕಪಕ್ಕ ಇಟ್ಟರೆ ಅಕ್ಷರಗಳು ಒಂದರ ಎದುರಿಗೆ ಒಂದು ಕೂರುತ್ತವೆ. ಕಣ್ಣಿರುವವರ ಕಂಪ್ಯೂಟರು ಈ ತೀರ್ಮಾನಕ್ಕೆ ಬರುವ ಸುಮಾರು 40 ವರ್ಷ ಮೊದಲೇ ಬ್ರೈಲ್ ಬಂದು ಕೂತಿತ್ತು.

ಹಾಗಿದ್ದ ಮೇಲೆ ಕನ್ನಡ ಬ್ರೈಲ್ ಪುಸ್ತಕಗಳು ಮಳೆಯಂತೆ ಸುರಿಯಬೇಕಿತ್ತಲ್ಲ? ಉಪಕರಣದ ಕೊರತೆಯೂ ಇಲ್ಲ. ಅಮೆರಿಕದ ಡಕ್ಸ್‌ಬರಿ ಕಂಪನಿ 1975ರಿಂದ ಬ್ರೈಲ್ ತಂತ್ರಾಂಶ ಮಾಡುತ್ತಿದೆ. 2002ರಲ್ಲಿ ಶುರುವಾದ ‘ಲಿಬ್‌ಲೂಯಿ’ ಮುಕ್ತ ತಂತ್ರಾಂಶ, ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು. ಲೂಯಿ ಬ್ರೈಲ್‌ನದೇ ಹೆಸರು. ಅದನ್ನು ಬೆಳೆಸಿದ ಮುಖ್ಯ ಪ್ರೋಗ್ರಾಮರ್ ಜಾನ್ ಬೋಯರ್‌ಗೆ ಕಣ್ಣೂ ಕಾಣುತ್ತಿರಲಿಲ್ಲ, ಕಿವಿಯೂ ಕೇಳುತ್ತಿರಲಿಲ್ಲ. ಕಂಪ್ಯೂಟರಿನ ಜೊತೆ ಅವರ ಮಾತುಕತೆಯೆಲ್ಲ ಬೆರಳಿಂದಲೇ. ಇವತ್ತು ಅದರಲ್ಲಿ ರಷ್ಯನ್ನೂ ಇದೆ, ಕನ್ನಡವೂ ಇದೆ. ಕಾನೂನಿನ ತೊಡಕೂ ಸಡಿಲವಾಗಿದೆ. ಅಂಧರಿಗಾಗಿ ಪುಸ್ತಕ ಪರಿವರ್ತಿಸಲು ಅನುಕೂಲ ಮಾಡಿಕೊಡುವ ಮರಾಕೆಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ಭಾರತ.

ತೊಡಕು ಇರುವುದು ಬ್ರೈಲ್‌ನಲ್ಲಲ್ಲ. ಕಣ್ಣಿರುವ ನಾವು ಟೈಪ್ ಮಾಡಿಟ್ಟ ಫೈಲಿನಲ್ಲಿ.

ಯುನಿಕೋಡ್ ಮನೆಮನೆಗೆ ಬರುವ ಮೊದಲು ಕನ್ನಡದ ಡಿಟಿಪಿ ಎಲ್ಲ ನಡೆದದ್ದು ಆಸ್ಕಿ ಫಾಂಟುಗಳಲ್ಲಿ. ಅನೇಕ ಕಡೆ ಈಗಲೂ ಹಾಗೇ. ಆ ಫೈಲಿನ ಒಳಗೆ ಕನ್ನಡವೇ ಇರುವುದಿಲ್ಲ. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಜಾಗದಲ್ಲಿ ಕನ್ನಡ ಅಕ್ಷರದ ತುಂಡುಗಳ ಚಿತ್ರ ಕೂರಿಸಿರುತ್ತಾರೆ: ತಲೆಕಟ್ಟು ಒಂದು ಕಡೆ, ಕೊಂಬು ಒಂದು ಕಡೆ, ಒತ್ತು ಇನ್ನೊಂದು ಕಡೆ. ಕಾಗದದ ಮೇಲೆ ಚೆಂದ ಕಂಡರೆ ಸಾಕು. ಅಂದರೆ ಲೂಯಿ ಬ್ರೈಲ್ 1829ರಲ್ಲಿ ಬಿಟ್ಟುಕೊಟ್ಟ ಆಕಾರವನ್ನು ನಾವು ಗಟ್ಟಿಯಾಗಿ ಹಿಡಿದು ಕೂತಿದ್ದೆವು. ಇಂಥ ಫೈಲನ್ನು ನೇರ ಬ್ರೈಲ್ ತಂತ್ರಾಂಶಕ್ಕೆ ಕೊಟ್ಟರೆ ಕಸ ಬರುತ್ತದೆ. ಮೊದಲು ಯುನಿಕೋಡ್‌ಗೆ ತಿರುಗಿಸಬೇಕು. ನಾನು ಎಡವಿದ್ದು ಅಲ್ಲೇ.

ನಿಂಬರ್ಗಾ ಅಂತ ಒಮ್ಮೆ ಕೈಯಲ್ಲಿ ಬರೆದು ನೋಡಿ. ‘ರ್’ ಎಲ್ಲಿ ಬರೆದಿರಿ? ಗಾ ಬರೆದಾದ ಮೇಲೆ, ಅದರ ಬಲಕ್ಕೆ, ಅರ್ಕಾವತ್ತಾಗಿ. ಬಾಯಲ್ಲಿ ಮೊದಲು ಬರುವ ರ್ ಕಣ್ಣಿಗೆ ಕೊನೆಗೆ ಕಾಣುತ್ತದೆ. ಆಸ್ಕಿ ಫಾಂಟಿನಲ್ಲೂ ಅದೇ ಕ್ರಮ: ಗ, ದೀರ್ಘ, ಅರ್ಕಾವತ್ತು. ನನ್ನ ಸ್ಕ್ರಿಪ್ಟು ಅರ್ಕಾವತ್ತನ್ನು ಗುರುತಿಸಿ ರ್ ಅಂತ ಮಾಡಿತು, ಆದರೆ ಹಿಂದಕ್ಕೆ ಎತ್ತಿ ಇಡಲಿಲ್ಲ. ನಿಂಬ, ಗಾ, ರ್. ನಿಂಬಗಾರ್.

ಸರಿಪಡಿಸಿದೆ. ಆದರೆ ಕಥೆ ಇನ್ನೂ ಒಂದು ಹೆಜ್ಜೆ ಇದೆ. ಯುನಿಕೋಡ್‌ನಲ್ಲಿ ರ್ ಅಂದರೆ ಮೊದಲು ರ, ಆಮೇಲೆ ಸ್ವರ ತೆಗೆಯುವ ವಿರಾಮ ಚಿಹ್ನೆ. ಭಾರತಿ ಬ್ರೈಲ್‌ನಲ್ಲಿ ತಿರುಗಾಮುರುಗ: ಮೊದಲು ವಿರಾಮದ ಚುಕ್ಕೆ 4, ಆಮೇಲೆ ರ. ನನಗೆ ಅನಿಸುವ ಕಾರಣ ಇಷ್ಟು. ಕಣ್ಣು ಇಡೀ ಪದವನ್ನು ಒಮ್ಮೆಲೇ ನುಂಗುತ್ತದೆ, ಬೆರಳು ಒಂದೊಂದೇ ಸೆಲ್ ದಾಟುತ್ತದೆ. ಮುಂದೆ ಬರುವ ವ್ಯಂಜನಕ್ಕೆ ಸ್ವರ ಇಲ್ಲ ಅಂತ ಬೆರಳಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಅಂಕಿ ಬರುವ ಮೊದಲು ಅಂಕಿಯ ಗುರುತು ಇಡುತ್ತಾರಲ್ಲ, ಹಾಗೆ. ಅಂದಹಾಗೆ ಆ ಅಂಕಿಯ ಗುರುತು 3-4-5-6, ಅದೇ ನಮ್ಮ ‘ಣ’ ಕೂಡ. ಗೊಂದಲ ಆಗೋದಿಲ್ವಾ ಅಂತ ಅಣ್ಣನನ್ನು ಕೇಳಿದೆ. “ಣ ಇಂದ ಶುರು ಆಗೋ ಮಾತು ಯಾವುದಾದ ಹೇಳು ನೋಡಮು” ಅಂದ. ಯೋಚಿಸಿ ಸೋತೆ.

ಕೊನೆಗೆ ನಮ್ಮೂರ ಹೆಸರು ಹೀಗೆ ನಿಂತಿತು: 1-3-4-5, 2-4, 5-6, 1-2, 4, 1-2-3-5, 1-2-4-5, 3-4-5. ಒಟ್ಟು ಎಂಟು ಸೆಲ್. ಯುನಿಕೋಡ್‌ನಲ್ಲೂ ಎಂಟೇ ಸಂಕೇತ. ಎರಡೂ ಬಹುತೇಕ ಒಂದೇ, ಐದನೆಯದೂ ಆರನೆಯದೂ ಮಾತ್ರ ಅದಲುಬದಲು. ರ್ ಎಂಬ ಒಂದು ಸಣ್ಣ ಧ್ವನಿ ಕಣ್ಣಿಗೆ ಕೊನೆಯಲ್ಲಿ, ಮಶೀನಿಗೂ ಬೆರಳಿಗೂ ನಡುವೆ, ಅಲ್ಲೂ ಹಿಂದೆಮುಂದೆ. ರಷ್ಯನ್ ಟೇಬಲ್ ನೋಡಿ ಎಲ್ಲ ಭಾಷೆಗೂ ಅಕ್ಷರಕ್ಕೊಂದು ಸೆಲ್ ಇಟ್ಟರೆ ಆಯಿತು ಅಂದುಕೊಂಡಿದ್ದವನಿಗೆ ಸ್ವಂತ ಊರಿನ ಹೆಸರು ಪಾಠ ಹೇಳಿತು.

ಎರಡನೇ ಪ್ರತಿಯನ್ನು ಕೊರಿಯರ್ ಮಾಡಲಿಲ್ಲ. ದೀಪಾವಳಿಗೆ ಊರಿಗೆ ಹೋದಾಗ ನಾನೇ ಒಯ್ದೆ. ಬ್ರೈಲ್ ಪುಸ್ತಕ ಅಂದರೆ ಗಾತ್ರ ಗೊತ್ತಲ್ಲ, ದಪ್ಪ ಕಾಗದ, ದೊಡ್ಡ ಹಾಳೆ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡೇ ಕೂತೆ. ಮೇಲೆ ಏನಾದರೂ ಇಟ್ಟರೆ ಚುಕ್ಕೆ ಚಪ್ಪಟೆ ಆಗುತ್ತವೆ.

ಅಣ್ಣ ಕಟ್ಟೆಯ ಮೇಲೆ ಕೂತು ಮೊದಲ ಪದದ ಕೊನೆಗೇ ಹೋದ. ಎರಡು ಸಲ ಬೆರಳು ಆಡಿಸಿದ. “ಹಾಂ, ಈಗ ನಮ್ಮೂರು” ಅಂದ. ಆಮೇಲೆ ಮೊದಲಿಂದ ಓದುತ್ತಾ ಹೋದ, ತುಟಿ ಅಲ್ಲಾಡುತ್ತಿತ್ತು. ಎಂಟನೆಯದೋ ಒಂಬತ್ತನೆಯದೋ ಪದದಲ್ಲಿ ಬೆರಳು ನಿಂತಿತು. ಹಿಂದಕ್ಕೆ ಬಂತು. ಮತ್ತೆ ಅಲ್ಲೇ ನಿಂತಿತು.

“ಇಲ್ಲಿ ಲ ಆದ.”

“ಏನಾಯ್ತು ಅಣ್ಣಾ? ನಂದು ಮತ್ತ ತಪ್ಪಾತೇನು?”

“ನಿಂದಲ್ಲ. ಬರಕೊಂಡವರದೋ, ಟೈಪ್ ಮಾಡಿದವರದೋ. ಅಪ್ಪ ಇಲ್ಲಿ ಳ ಹಾಡ್ತಿದ್ದ. ಇಷ್ಟು ವರ್ಷ ಫೋನ್‌ನಾಗ ಕೇಳೀನಿ, ಆ ಮಶೀನ್ ದನಿಯೊಳಗ ಲ ಯಾವುದೋ ಳ ಯಾವುದೋ, ಗೊತ್ತೇ ಆಗಿದ್ದಿಲ್ಲ.”

ಮೂಲ ನೋಟ್‌ಬುಕ್ಕು ಈಗ ಯಾರ ಮನೆಯಲ್ಲಿದೆ ಅಂತ ವಿಚಾರಿಸಿದೆವು. ಮಾಸ್ತರರ ಮಗ ಅಫಜಲಪುರದಲ್ಲಿದ್ದಾರಂತೆ. ಸಂಕ್ರಾಂತಿಗೆ ಹೋಗಿ ನೋಡಿ ಬರೋಣ ಅಂತ ಆಗಿದೆ. ಅಲ್ಲಿಯವರೆಗೆ ಇರಲಿ ಅಂತ ಅಣ್ಣ ಒಳಗಿಂದ ತನ್ನ ಹಳೆಯ ಸ್ಲೇಟು, ಸ್ಟೈಲಸ್ ತರಿಸಿದ. ಒಂದು ಹಾಳೆ ಹಚ್ಚಿ ಆ ಸಾಲನ್ನು ತಾನೇ ಮತ್ತೆ ಬರೆದ, ಸ್ಲೇಟಿನಲ್ಲಿ ಬರೆಯುವ ಹಾಗೆ ಬಲದಿಂದ ಎಡಕ್ಕೆ, ಟಕ್ ಟಕ್ ಅಂತ ಒಂದೊಂದೇ ಚುಕ್ಕೆ. ತಿರುಗಿಸಿ, ಬೆರಳಿಂದ ಓದಿ, ಪುಸ್ತಕದ ಆ ಪುಟದೊಳಗೆ ಇಟ್ಟ.